ಕೌದಿಯ ಹೊಟ್ಟೆಯಲ್ಲಿದ್ದ ಬಿಲ್ಲೆ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಇತಿಹಾಸ ಓದಿದವಳು ನಾನು. ಸಾಕ್ಷಿಯಿಲ್ಲದ ಮಾತನ್ನು ನಂಬಬಾರದೆಂದು ಧಾರವಾಡದಲ್ಲಿ ಕಲಿತು, ಮುಂದೆ ಅದನ್ನೇ ಬೇರೆಯವರಿಗೆ ಕಲಿಸಿ ನಿವೃತ್ತಳಾದೆ. ಆದರೆ ಹೋದ ತಿಂಗಳು ಹಳೆಯ ಕೌದಿಯೊಂದರ ಮೂಲೆ ಬಿಚ್ಚಿದಾಗ ಬಂದ ವಾಸನೆ ಸಾಕ್ಷಿಗೀಕ್ಷಿ ಏನನ್ನೂ ಕೇಳಲಿಲ್ಲ. ತುಕ್ಕು ಹಿಡಿದ ತಗಡಿನ ವಾಸನೆ, ಅದರ ಅಡಿಯಲ್ಲಿ ಕಪ್ಪಾಗಿ ಒಣಗಿದ ಬೆಲ್ಲದ್ದು... ನಾನು ಒಂಬತ್ತು ವರ್ಷದವಳಾಗಿ ಇಬ್ರಾಹಿಂಪುರದ ಕಡೆಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕೂತಿದ್ದೆ.

ಕೌದಿ ಬಂದದ್ದು ಬಬಲೇಶ್ವರದಿಂದ. ಸೋದರತ್ತೆಯ ಮಗ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅಥಣಿ ರಸ್ತೆಯ ನನ್ನ ಮನೆಗೆ ತಂದಿದ್ದ.

"ಅವ್ವ ಟ್ರಂಕ್ ತಗದಾಳ ಅಕ್ಕಾ. ಇದು ನಿನಗ ಕೊಡು ಅಂದ್ಲು."

"ಯಾಕಂತ?"

"ಅಕಿನ್ನ ಕೇಳು. ನಾ ಹಮಾಲಿ ಅಷ್ಟ."

ಚಹಾ ಕುಡಿದು ಅವನು ಹೋದ ಮೇಲೆ ಕೌದಿಯನ್ನು ಹಾಸಿ ನೋಡಿದೆ. ಇಳಕಲ್ ಸೀರೆಯ ಸೆರಗು, ಅಜ್ಜನ ಧೋತರ, ಯಾರದೋ ಖಣದ ಕುಪ್ಪಸ, ಎಲ್ಲ ಬಣ್ಣವೂ ಒಂದೇ ಬೂದಿಯಾಗಿತ್ತು. ಒಂದು ಮೂಲೆ ಗಟ್ಟಿಯಾಗಿತ್ತು. ಅಲ್ಲೇನಿದೆ ಎಂದು ನನಗೆ ಗೊತ್ತಿತ್ತು. ಕತ್ತರಿ ತಂದು ದಾರ ಕತ್ತರಿಸಿದೆ. ಏಳು ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿ ಬಂದವು. ಎದೆಯ ಮೇಲೆ ಚುಚ್ಚಿಕೊಳ್ಳುವ, ಹಿಂದೆ ಪಿನ್ನು ಇರುವ ತಗಡಿನ ಬಿಲ್ಲೆಗಳು. ಎಂಟನೆಯದನ್ನು ಹುಡುಕಿದೆ. ಮೂಲೆಯನ್ನು ಪೂರ್ತಿ ತಿರುವಿ, ಪದರ ಪದರ ಬಿಡಿಸಿ ಹುಡುಕಿದೆ. ಅದು ಇರಲಿಲ್ಲ.

ಅದು ಕೌದಿ ಆಯಿಯ ಬಿಲ್ಲೆ.

ನಮ್ಮ ಮನೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಹಾಗೆ. ಹೆಸರು ನನಗೆ ಗೊತ್ತಿತ್ತೋ, ಗೊತ್ತಿದ್ದು ಮರೆತೆನೋ ಈಗ ಹೇಳಲಾರೆ. ಊರು ತಿಕೋಟಾ. ವರ್ಷಕ್ಕೆ ಎರಡು ಸಲ ಯಾರದಾದರೂ ಗಾಡಿ ಹತ್ತಿ ವಿಜಾಪುರಕ್ಕೆ ಬರುತ್ತಿದ್ದಳು. ಆಗ ನಾವು ವಿಜಾಪುರವೆಂದೇ ಅನ್ನುತ್ತಿದ್ದೆವು. ಬಂದರೆ ನಮ್ಮ ಮನೆಯಲ್ಲೇ ಹತ್ತು ಹನ್ನೆರಡು ದಿನ ಇದ್ದು, ನಮ್ಮದೂ ಓಣಿಯವರದೂ ಕೌದಿ ಹೊಲಿದು ಹೋಗುತ್ತಿದ್ದಳು. ಅಪ್ಪನದು ಬಜಾರದಲ್ಲಿ ಸಣ್ಣ ಅರಿವೆ ಅಂಗಡಿ, ತುಂಡು ಬಟ್ಟೆಗೆ ಕೊರತೆಯಿರಲಿಲ್ಲ. ತೆಳ್ಳಗಿನ ಹೆಂಗಸು. ಸೂಜಿಗಳನ್ನು ದಾರ ಸಮೇತ ತುರುಬಿಗೆ ಚುಚ್ಚಿಕೊಂಡಿರುತ್ತಿದ್ದಳು. ಆಕೆ ತಲೆ ತಿರುಗಿಸಿದರೆ ದಾರಗಳೂ ತಿರುಗುತ್ತಿದ್ದವು. ಇದು ನಿಜವೇ, ನಾನೇ ಕಟ್ಟಿಕೊಂಡ ಚಿತ್ರವೇ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ. ಆದರೆ ದಾರ ಪೋಣಿಸಿಕೊಡುತ್ತಿದ್ದವನು ಅಪ್ಪನ ತಮ್ಮ, ನಮ್ಮ ಕಾಕಾ ಎಂಬುದರಲ್ಲಿ ಅನುಮಾನವಿಲ್ಲ. ಆಯಿಗೆ ಹತ್ತಿರದ ನೋಟ ಮಂದವಾಗಿತ್ತು.

ಹಳೆಯ ಬಟ್ಟೆ ಕೈಗೆ ಬಂದ ಕೂಡಲೇ ಆಯಿ ಅದನ್ನು ಕತ್ತರಿಸುತ್ತಿರಲಿಲ್ಲ. ಮೊದಲು ಇಡೀ ಬಟ್ಟೆಯನ್ನು ಅಂಗೈಯಿಂದ ಸವರಿ ಗುಂಡಿ, ಕೊಂಡಿ, ಪಿನ್ನು ಎಲ್ಲ ಬಿಚ್ಚುತ್ತಿದ್ದಳು. ಗುಂಡಿಗಳನ್ನು ಮನೆಯವರಿಗೆ ತಿರುಗಿ ಕೊಡುವಳು. ಅಂಗಿಯ ಮೇಲೆ ಮರೆತುಹೋದ ಬಿಲ್ಲೆ ಸಿಕ್ಕರೆ ಮಾತ್ರ ತನ್ನ ತಂಬಾಕಿನ ಡಬ್ಬಿಯಲ್ಲಿ ಹಾಕಿಕೊಳ್ಳುವಳು.

"ಗುಂಡಿ ಕೇಳಾಕ ಬರ್ತಾರ ತಂಗಿ. ಬಿಲ್ಲಾ ಕೇಳಾಕ ಯಾರೂ ಬರೂದಿಲ್ಲ," ಎನ್ನುತ್ತಿದ್ದಳು.

ಆ ಡಬ್ಬಿಯೇ ನಾನು ನೋಡಿದ ಮೊದಲ ಸಂಗ್ರಹ. ಈಗ ನನ್ನ ಬಳಿಯೂ ಇಂಥ ಬಿಲ್ಲೆಗಳ ಮೂರು ಪೆಟ್ಟಿಗೆಗಳಿವೆ. ಯಾವುದು ಯಾವ ಸಭೆಯಲ್ಲಿ ಹಂಚಿದ್ದು, ಅದರ ಮೇಲಿನ ಮಾತು ಎಲ್ಲಿಂದ ಬಂತು ಎಂದು ಚೀಟಿ ಬರೆದು ಅಂಟಿಸಿದ್ದೇನೆ. ಆಯಿಯ ಡಬ್ಬಿಯಲ್ಲಿ ಚೀಟಿಯಿರಲಿಲ್ಲ. ಇಂಗ್ಲೆಂಡಿನ ದೊರೆಯ ಪಟ್ಟದ ಉತ್ಸವಕ್ಕೆಂದು ಶಾಲೆಗಳಲ್ಲಿ ಪೇಢೆಯ ಜೊತೆ ಹಂಚಿದ, ದೊರೆಯ ಮುಖವಿದ್ದ ಬಿಲ್ಲೆಯಿತ್ತು. ಉಪ್ಪಿನ ಸತ್ಯಾಗ್ರಹದ ಕಾಲದ್ದೆಂದು ಕಾಕಾ ಹೇಳುತ್ತಿದ್ದ, 'ಸ್ವಯಂಸೇವಕ' ಎಂದು ಬರೆದದ್ದೊಂದಿತ್ತು. ಚರಕದ ಚಿತ್ರದ ಕೆಳಗೆ 'ಖಾದಿ ಉಡಿರಿ' ಎಂದಿದ್ದದ್ದು ಇನ್ನೊಂದು. ಅವೆಲ್ಲ ಒಂದರ ಮೇಲೊಂದು ಬಿದ್ದುಕೊಂಡಿರುತ್ತಿದ್ದವು, ದೊರೆಯ ಮುಖದ ಮೇಲೆ ಚರಕ, ಚರಕದ ಮೇಲೆ ದೊರೆ. ಮಧ್ಯಾಹ್ನ ಕೈ ದಣಿದಾಗ ಆಯಿ ಡಬ್ಬಿ ತೆರೆದು ಒಂದೊಂದನ್ನೇ ನನ್ನ ಕೈಗೆ ಕೊಟ್ಟು, "ಏನಂತೈತಿ ಇದು?" ಎಂದು ಕೇಳುವಳು. ನಾನು ಗಟ್ಟಿಯಾಗಿ ಓದುವೆ. ಹೋದ ಸಲ ಓದಿದ್ದನ್ನೇ ಈ ಸಲವೂ ಓದಬೇಕು. ಅಕ್ಷರ ಬಾರದಿದ್ದರೂ ನಾನು ತಪ್ಪಿದರೆ ಆಕೆಗೆ ಗೊತ್ತಾಗುತ್ತಿತ್ತು.

'ಕುಡಿತ ಬಿಡಿರಿ' ಎಂದಿದ್ದ ಬಿಲ್ಲೆಯೊಂದು ತಿಕೋಟಾದ ಯಾವನೋ ದೊಡ್ಡ ಮನುಷ್ಯನ ಕೋಟಿನ ಮೇಲೆ ಸಿಕ್ಕಿತ್ತಂತೆ. ಅದನ್ನು ಓದಿದಾಗಲೆಲ್ಲ ಆಯಿ ಸೂಜಿ ಕೆಳಗಿಟ್ಟು ನಗುತ್ತಿದ್ದಳು.

"ಬಿಲ್ಲಾ ಬಿಟ್ಟ ನೋಡು ಅವ. ಸೆರಿ ಬಿಡಲಿಲ್ಲ."

ಒಂದು ಬಿಲ್ಲೆ ಮಾತ್ರ ಡಬ್ಬಿಯಲ್ಲಿರುತ್ತಿರಲಿಲ್ಲ. ಅದು ಆಕೆಯ ಎಡ ಹೆಗಲ ಮೇಲೆ, ಸೆರಗಿಗೆ ಚುಚ್ಚಿರುತ್ತಿತ್ತು. ಉಳಿದವುಗಳಿಗಿಂತ ದೊಡ್ಡದು, ಬಿಳಿಯ ಬಣ್ಣ, ನಡುವೆ ಇಂಗ್ಲಿಷಿನ ಒಂದು ಅಕ್ಷರ, ಅದರ ಕೆಳಗೆ ಸಣ್ಣದಾಗಿ ಒಂದು ಪದ. ಆಯಿಯ ಒಬ್ಬನೇ ಮಗ ಯುದ್ಧದ ಭರ್ತಿಗೆ ಸೇರಿದಾಗ ಸಿಕ್ಕದ್ದು. ವಿಜಾಪುರದ ಸ್ಟೇಶನ್ನಿನಲ್ಲಿ ರೈಲು ಹತ್ತುವ ಮುಂಚೆ ಅದನ್ನು ತನ್ನ ಅಂಗಿಯಿಂದ ತೆಗೆದು ತಾಯಿಯ ಸೆರಗಿಗೆ ಹಚ್ಚಿ ಹೋಗಿದ್ದನಂತೆ. ನಮ್ಮ ಮನೆಗೆ ರೈಲಿನ ಸಿಳ್ಳು ಕೇಳುತ್ತಿತ್ತು. ಕೇಳಿದಾಗ ಆಯಿಯ ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿ ನಿಲ್ಲುತ್ತಿತ್ತು. ಓಣಿಯ ಬೇರೆಯವರು ಕರೆದರೂ ಆಕೆ ನಮ್ಮಲ್ಲೇ ಇಳಿದುಕೊಳ್ಳುತ್ತಿದ್ದದ್ದು ಅದಕ್ಕೇ ಇರಬೇಕು ಎಂದು ಈಗ ಅನಿಸುತ್ತದೆ. ಆಗ, ನಮ್ಮ ಮನೆಯ ಊಟ ರುಚಿ ಎಂದು ಬರುತ್ತಾಳೆ ಅಂದುಕೊಂಡಿದ್ದೆ.

ಆ ಬಿಲ್ಲೆಯನ್ನೂ ಒಂದು ದಿನ ಬಿಚ್ಚಿ ನನ್ನ ಕೈಗೆ ಕೊಟ್ಟಳು. ನನಗೆ ಇಂಗ್ಲಿಷು ಬರುತ್ತಿರಲಿಲ್ಲ. ಕಾಕಾನನ್ನು ಕರೆದೆ. ಅವನು ಬೆಳಗಾವಿಯಲ್ಲಿ ಕಾಲೇಜು ಓದುತ್ತಿದ್ದು, ಆ ವರ್ಷ ನಡುವೆಯೇ ಬಿಟ್ಟು ಬಂದಿದ್ದ.

"ಇದರಾಗ ನನ್ನ ಮಗನ ಹೆಸರು ಐತೇನ ತಮ್ಮಾ?" ಎಂದಳು ಆಯಿ.

"ಇಲ್ಲ ಆಯಿ. ಗೆಲುವು ಅಂತ ಐತಿ."

"ಯಾರ ಗೆಲುವು?"

ಕಾಕಾ ಬಿಲ್ಲೆಯನ್ನು ತಿರುಗಿಸಿ ನೋಡಿದ. "ಬಿಳೇರದು," ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅವನು ಇಪ್ಪತ್ತರ ಹುಡುಗ. "ಅವರ ಬಂದೂಕು ಹೊರಾಕ ಹೋಗ್ಯಾನ ನಿನ್ನ ಮಗ," ಎಂದೂ ಸೇರಿಸಿದ.

"ಬಂದೂಕು ಹೊರಾಕ ಅಲ್ಲ, ಹೊಟ್ಟಿ ಹೊರಾಕ ಹೋಗ್ಯಾನ. ನಿನಗ ಮೂರ ಹೊತ್ತು ಉಣ್ಣಾಕ ಕರೀತಾರ. ಅವನ್ನ ಯಾರು ಕರೀತಿದ್ರು?" ಎಂದು ಆಯಿ ಬಿಲ್ಲೆಯನ್ನು ಕಸಿದುಕೊಂಡಳು. ಮತ್ತೆ ಹೆಗಲಿಗೆ ಚುಚ್ಚಿಕೊಳ್ಳುತ್ತ, "ಹೆಸರು ಇರಲಿಕ್ಕಿಲ್ಲ. ಹಚ್ಚಿದ ಕೈ ಅವಂದು," ಎಂದಳು.

ಕಾಕಾನ ಮುಖ ಇಳಿಯಿತು. ಆಕೆಯ ಪಕ್ಕದಲ್ಲಿ ಕೂತು, ತುರುಬಿನಿಂದ ಒಂದೊಂದೇ ಸೂಜಿ ತೆಗೆದು ದಾರ ಪೋಣಿಸತೊಡಗಿದ. ಅವರಿಬ್ಬರ ಜಗಳಗಳು ಮುಗಿಯುತ್ತಿದ್ದ ರೀತಿಯೇ ಅದು.

ಅದು ಚಲೇಜಾವ್ ಚಳವಳಿಯ ವರ್ಷ. ಮಳೆಗಾಲದಲ್ಲಿ ಸೋದರತ್ತೆ ಚೊಚ್ಚಲ ಬಾಣಂತನಕ್ಕೆ ಬಬಲೇಶ್ವರದಿಂದ ಬಂದಿದ್ದಳು. ಗಂಡು ಕೂಸು. ಹುಟ್ಟುವಾಗಲೇ ಬಡಕಲು. ಆ ಕೂಸಿನ ಕೌದಿ ಹೊಲಿಯಲೆಂದೇ ಆಯಿಯನ್ನು ಕರೆಸಿದ್ದರು. ಕೆಳಗೆ ಪಡಸಾಲೆಯಲ್ಲಿ ಕೌದಿ ಬೆಳೆಯುತ್ತಿದ್ದರೆ ಮೇಲೆ ಅಟ್ಟದಲ್ಲಿ ಕಾಕಾ ಬಿಲ್ಲೆ ಮಾಡುತ್ತಿದ್ದ. ಎಣ್ಣೆ ಡಬ್ಬಿಯ ತಗಡನ್ನು ದುಂಡಗೆ ಕತ್ತರಿಸಿ, ಅಂಚು ಮಡಿಸಿ, ಹಿಂದೆ ಪಿನ್ನಿಗೆ ಬೆಸುಗೆ ಹಾಕಿಸಿಕೊಂಡು ಬಂದು, ಬಿಳಿ ಬಣ್ಣದ ಮೇಲೆ ಕೆಂಪು ಅಕ್ಷರದಲ್ಲಿ 'ಮಾಡು ಇಲ್ಲವೆ ಮಡಿ' ಎಂದು ಕೈಯಿಂದಲೇ ಬರೆಯುತ್ತಿದ್ದ. ಅಕ್ಷರಗಳು ಒಂದರಂತೆ ಒಂದಿರಲಿಲ್ಲ. ನನಗೊಂದು ಕೊಡು ಎಂದು ಕಾಡಿದೆ. "ಇದು ಆಟಕ್ಕಲ್ಲ," ಎಂದ. ನನಗೆ ಅದರ ಮೇಲೆ ಎಷ್ಟು ಆಸೆಯಿತ್ತೆಂದರೆ, ಮುಂದೆ ನಡೆದದ್ದರಲ್ಲಿ ನನ್ನ ಪಾಲಿನ ಭಯ ಕಾಕಾನ ಬಗ್ಗೆ ಇತ್ತೋ ಬಿಲ್ಲೆಗಳ ಬಗ್ಗೆ ಇತ್ತೋ ಖಚಿತವಾಗಿ ಹೇಳಲಾರೆ.

ನಮ್ಮ ಕಡೆ ಕೌದಿಗೆ ಹೊಟ್ಟೆಯಿದೆ ಎನ್ನುತ್ತಾರೆ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲವೆಂದು ಹೇಳುತ್ತಿದ್ದೇನೆ. ಕೌದಿ ಹೊಲಿದು ಮುಗಿಸುವಾಗ ಒಂದು ಮೂಲೆಯನ್ನು ಗೇಣುದ್ದ ಬಿಟ್ಟಿರುತ್ತಾರೆ. ಕೊನೆಯ ದಿನ ಆ ಮೂಲೆಯೊಳಗೆ ಹೋಳಿಗೆ ಇಟ್ಟು ಹೊಲಿದುಬಿಡುತ್ತಾರೆ. ಕೌದಿ ಹಸಿದಿದ್ದರೆ ಅದರ ಮೇಲೆ ಮಲಗುವವರೂ ಹಸಿಯುತ್ತಾರೆ. ಹೊಟ್ಟೆ ತುಂಬಿಸಿ ಹೊಲಿದ ಮೂಲೆಯನ್ನು ಮತ್ತೆ ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ಮಲಗುವವರಿಗೆ ಕೇಡು.

ಆ ದಿನ ಹೋಳಿಗೆ ಮಾಡಿದ್ದರು. ಕೂಸಿಗೆ ಹದಿನೈದೋ ಇಪ್ಪತ್ತೋ ದಿನವಾಗಿರಬೇಕು. ಮಧ್ಯಾಹ್ನ, ಆಯಿಯ ಪಕ್ಕದಲ್ಲಿ ತಟ್ಟೆಯಲ್ಲಿ ಪುಟ್ಟದೊಂದು ಹೋಳಿಗೆಯಿತ್ತು. ಕಾಕಾ ಹಿತ್ತಲ ಕಡೆಯಿಂದ ಓಡಿ ಬಂದ. ಪೊಲೀಸರು ಓಣಿಗೆ ಬಂದಿದ್ದರು. ಅಟ್ಟದಿಂದ ಬಿಲ್ಲೆಗಳ ಗಂಟನ್ನು ಎತ್ತಿಕೊಂಡು ಇಳಿದವನಿಗೆ ಎಲ್ಲಿಡಬೇಕೆಂದು ತೋಚಲಿಲ್ಲ. ಜೋಳದ ಚೀಲ ನೋಡಿದ, ನೀರಿನ ಹಂಡೆ ನೋಡಿದ. ಆಯಿ ಕೈ ಚಾಚಿದಳು. ಅವನು ಗಂಟನ್ನು ಆಕೆಯ ಮಡಿಲಿಗೆ ಹಾಕಿ ಹಿತ್ತಲಿಗೆ ಹೋದ.

ಆಯಿ ಒಂದೊಂದೇ ಬಿಲ್ಲೆಯನ್ನು ಕೌದಿಯ ತೆರೆದ ಮೂಲೆಯೊಳಗೆ ತಳ್ಳಿದಳು. ಅವಸರವಿರಲಿಲ್ಲ, ಕೂಸಿಗೆ ತುತ್ತು ಕೊಟ್ಟಂತೆ. ಎಲ್ಲ ಮುಗಿದ ಮೇಲೆ ತನ್ನ ಹೆಗಲಿಗೆ ಕೈ ಹಾಕಿ ಮಗನ ಬಿಲ್ಲೆಯನ್ನೂ ಬಿಚ್ಚಿ ಒಳಗೆ ಹಾಕಿದಳು. ಇದನ್ನು ನಾನು ಕಣ್ಣಾರೆ ನೋಡಿದೆ. ಬೇರೆ ಏನನ್ನು ಮರೆತಿದ್ದರೂ ಇದನ್ನಲ್ಲ. ಎದೆಯ ಮೇಲೆ ಬಿಲ್ಲೆ ಇದ್ದವರನ್ನೆಲ್ಲ ಹಿಡಿದುಕೊಂಡು ಹೋಗುತ್ತಾರೆ ಎಂದು ಆ ವಾರ ಬಜಾರದಲ್ಲಿ ಸುದ್ದಿಯಿತ್ತು. ಯಾವ ಬಿಲ್ಲೆ, ಯಾರ ಬಿಲ್ಲೆ ಎಂದು ಸುದ್ದಿ ಹೇಳಿರಲಿಲ್ಲ. ಮೇಲೆ ಹೋಳಿಗೆ ಇಟ್ಟು, ಆಯಿ ಸೂಜಿ ಹಾಕಿದಳು.

ಹವಾಲ್ದಾರ ಬಾಗಿಲಲ್ಲಿ ನಿಂತ. ಹಿಂದೆ ಇಬ್ಬರು ಪೊಲೀಸರು. ಅವರು ಅಟ್ಟ ಹತ್ತಿದರು, ಜೋಳದ ಚೀಲಕ್ಕೆ ಕೋಲು ಚುಚ್ಚಿದರು. ಹವಾಲ್ದಾರ ಪಡಸಾಲೆಯಲ್ಲೇ ಉಳಿದು ಆಯಿಯ ಕೈಯನ್ನೇ ನೋಡುತ್ತಿದ್ದ.

"ಏನ ನಡಿಸೀದಿ ಮುದಕಿ?"

"ಕೌದಿ ಹೊಟ್ಟಿ ತುಂಬಾಕತ್ತೇನ್ರಿ ಸಾಹೇಬ್ರ. ಒಳಗ ಬಾಣಂತಿ ಅದಾಳ."

"ಹೋಳಿಗಿ ಇಟ್ಟೀಯೋ, ಬರೇ ರೊಟ್ಟಿ ಇಟ್ಟು ಮುಗಿಸೀಯೋ?"

"ಹೋಳಿಗೀನ ಇಟ್ಟೇನ್ರಿ. ತುಪ್ಪಾನೂ ಹಾಕೇನಿ."

"ತುಂಬು ತುಂಬು. ನಡುವ ನಿಲ್ಲಸಬ್ಯಾಡ," ಎಂದು ಅವನು ಕೌದಿಯನ್ನು ತುಳಿಯದಂತೆ ಸುತ್ತು ಹಾಕಿ ಆಚೆ ಹೋದ. ಈ ಕಡೆಯವನೇ ಇರಬೇಕು. ಅವನಿಗೆ ಗೊತ್ತಾಗಿತ್ತೋ ಏನೋ ಎಂದು ದೊಡ್ಡವಳಾದ ಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬಹುಶಃ ಗೊತ್ತಾಗಿರಲಿಲ್ಲ. ಗೊತ್ತಾಗಿತ್ತು ಅಂದುಕೊಂಡರೆ ಕತೆ ಚೆನ್ನಾಗಿರುತ್ತದೆ ಎಂಬ ಕಾರಣಕ್ಕೇ ನಾನು ಹಾಗೆ ಅಂದುಕೊಳ್ಳಬಾರದು.

ಅವರು ಹೋದ ಮೇಲೆ ಕಾಕಾ ನಗುತ್ತ ಒಳಗೆ ಬಂದು ಕತ್ತರಿ ಎತ್ತಿಕೊಂಡ. ಆಯಿ ಮೂಲೆಯ ಮೇಲೆ ಅಂಗೈ ಊರಿದಳು.

"ಕೈ ತಗಿ. ಹೊಟ್ಟಿ ತುಂಬಿಸಿ ಹೊಲದ ಮ್ಯಾಲ ಕೌದಿ ಕೊಯ್ಯೂದಿಲ್ಲ."

"ಆಯಿ, ಅದರಾಗ ಇರೂದು ಹೋಳಿಗಿ ಅಷ್ಟ ಅಲ್ಲ."

"ಏನ ಇರಲಿ. ಅದು ಉಂಡಾತು. ಕೊಯ್ದರ ಕೂಸಿಗಿ ಕೇಡು."

ಒಳಕೋಣೆಯ ಬಾಗಿಲಲ್ಲಿ ಸೋದರತ್ತೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕಾಕಾ ಕತ್ತರಿಯನ್ನು ಕೆಳಗಿಟ್ಟ. ಆಮೇಲೆ ಆಯಿಯ ಬರಿ ಹೆಗಲು ಅವನ ಕಣ್ಣಿಗೆ ಬಿತ್ತು.

"ನಿಂದೂ ಹಾಕಿಬಿಟ್ಯಾ? ಅಯ್ಯ ಆಯಿ, ಅದೊಂದು ಹೆಗಲ ಮ್ಯಾಲ ಇದ್ದಿದ್ರ ಹವಾಲ್ದಾರ ನಿನಗ ಸಲಾಮ ಹೊಡದು ಹೊಳ್ಳಿ ಹೋಗ್ತಿದ್ದ."

ಆಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೆಗಲು ಮುಟ್ಟಿ ನೋಡಿಕೊಂಡಳು. ಸೆರಗಿನಲ್ಲಿ ಪಿನ್ನಿನ ಎರಡು ಸಣ್ಣ ತೂತುಗಳಿದ್ದವು. ಬಹಳ ಹೊತ್ತು ಅಲ್ಲೇ ಬೆರಳಾಡಿಸಿದಳು.

"ಹೌದೇನ..." ಎಂದಳು. ಮತ್ತೆ, "ಇರಲಿ ಬಿಡು. ಅವ ಬಂದ ಮ್ಯಾಲ ಮತ್ತೊಂದು ಹಚ್ತಾನ."

ನಾಲ್ಕು ದಿನ ಆ ಮೂಲೆಗೆ ಇರುವೆಗಳು ಸಾಲು ಹಚ್ಚಿದವು. ಮುಂದಿನ ವಾರ ಕಾಕಾನನ್ನು ಬೇರೆಲ್ಲೋ ಹಿಡಿದರು. ಅವನು ಜೈಲಿನಲ್ಲಿದ್ದಾಗಲೇ ಸೋದರತ್ತೆ ಕೂಸು, ತೊಟ್ಟಿಲು, ಕೌದಿ ಎಲ್ಲ ತೆಗೆದುಕೊಂಡು ಬಬಲೇಶ್ವರಕ್ಕೆ ಹೋದಳು. ಬಿಡುಗಡೆಯಾಗಿ ಬಂದ ಮೇಲೆ ಅವನು ಬಿಲ್ಲೆಗಳ ಮಾತನ್ನೇ ಎತ್ತಲಿಲ್ಲ. ಅವನಿಗೆ ಬೇರೆ ಕೆಲಸಗಳಿದ್ದವು. ಈಗ ಅವನೂ ಇಲ್ಲ.

ಆಯಿಯ ಮಗ ಬರಲಿಲ್ಲ. ಯಾವ ದೇಶದಲ್ಲಿ, ಯಾವ ತಿಂಗಳು ಎಂದು ನನಗೆ ತಿಳಿಯದು. ತಿಕೋಟಾಕ್ಕೆ ಕಾಗದ ಬಂತು, ಸಾಲಿ ಮಾಸ್ತರರು ಓದಿ ಹೇಳಿದರು, ಇಷ್ಟನ್ನು ಅಪ್ಪ ಊಟಕ್ಕೆ ಕೂತಾಗ ಹೇಳಿದ್ದು ನೆನಪಿದೆ. ಅವನ ಚಿತ್ರವೊಂದೂ ಆಯಿಯ ಬಳಿ ಇರಲಿಲ್ಲ. ಅಂಗಿ, ಪಂಜೆಗಳೆಲ್ಲ ಎಂದೋ ಕೌದಿಗೆ ಸೇರಿದ್ದವು. ಉಳಿದಿದ್ದದ್ದು ಆ ಬಿಲ್ಲೆ. ಅದು ಬಬಲೇಶ್ವರದಲ್ಲಿ, ಇನ್ನೊಬ್ಬಳ ಮಗನ ಕೆಳಗೆ ಹಾಸಿದ ಕೌದಿಯ ಹೊಟ್ಟೆಯಲ್ಲಿತ್ತು.

ಕಾಗದ ಬಂದ ವರ್ಷದ ಬೇಸಿಗೆ ರಜೆಯಲ್ಲಿ ನಾನು ಸೋದರತ್ತೆಯ ಮನೆಯಲ್ಲಿದ್ದೆ. ನನಗೆ ಹನ್ನೆರಡು ಅಥವಾ ಹದಿಮೂರು. ಹುಡುಗನಿಗೆ ಮತ್ತೆ ಜ್ವರ ಬಂದು ಎರಡು ದಿನದ ಹಿಂದೆ ಬಿಟ್ಟಿತ್ತು. ಆಗಾಗ ಬರುತ್ತಿತ್ತು. ಆಯಿ ಹೇಳದೆ ಕೇಳದೆ ಬಂದಳು. ತಿಕೋಟಾದಿಂದ ಬಬಲೇಶ್ವರಕ್ಕೆ ಆ ಬಿಸಿಲಲ್ಲಿ ಹೇಗೆ ಬಂದಳೋ ಕೇಳಲೂ ಇಲ್ಲ ನಾವು.

"ಕೌದಿ ಹೆಂಗೈತಿ ನೋಡಿ ಹೋಗೂನಂತ ಬಂದೆ ಯವ್ವಾ," ಎಂದಳು.

ಸೋದರತ್ತೆ ಕೌದಿ ತಂದು ಹಾಸಿದಳು. ಆಯಿ ಅದರ ಮೇಲೆಲ್ಲ ಅಂಗೈ ಆಡಿಸಿದಳು. ಒಂದೆಡೆ ಹೊಲಿಗೆ ಬಿಟ್ಟಿತ್ತು. ತುರುಬಿನಿಂದ ಸೂಜಿ ತೆಗೆದು ಅದನ್ನು ಸರಿಮಾಡಿದಳು. ದಾರ ಪೋಣಿಸಿದವಳು ನಾನು. ಆಮೇಲೆ ಆ ಮೂಲೆಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳು. ಹೆಬ್ಬೆರಳು ಮಾತ್ರ ಆಡುತ್ತಿತ್ತು. ಒಳಗಿನ ಬಿಲ್ಲೆಗಳನ್ನು ಒಂದೊಂದಾಗಿ ಸರಿಸುತ್ತ, ಎಲ್ಲಕ್ಕಿಂತ ದೊಡ್ಡದನ್ನು ಹುಡುಕುತ್ತಿತ್ತು. ಸಿಕ್ಕಿರಬೇಕು, ಬೆರಳು ನಿಂತಿತು.

ಆಯಿ ಬಾಯಿಬಿಟ್ಟು ಕೇಳಲಿಲ್ಲ. ಕೊಯ್ದರೆ ಕೂಸಿಗೆ ಕೇಡು ಎಂದವಳು ಆಕೆಯೇ. ಈಗ ಆಕೆ ಹೇಗೆ ಕೇಳಿಯಾಳು? ಸೋದರತ್ತೆಯೂ ಕೊಡುತ್ತೇನೆ ಎನ್ನಲಿಲ್ಲ. ಹುಡುಗ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಅವನ ಹಣೆಯ ಮೇಲಿಟ್ಟ ಕೈಯನ್ನು ಅವಳು ತೆಗೆಯಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದನ್ನು ನೋಡುತ್ತ ಕೂರಲು ನನ್ನಿಂದಾಗಲಿಲ್ಲ. ನನ್ನ ಶಾಲೆಯ ಚೀಲದಲ್ಲಿ ಆಗ ಘೋಷಣೆಗಳನ್ನು ಬರೆದಿಟ್ಟ ಒಂದು ವಹಿಯಿತ್ತು. ಯಾವುದು ನಮ್ಮದು, ಯಾವುದು ಅವರದು ಎಂದು ನನಗೆ ಚೆನ್ನಾಗಿ ತಿಳಿದಿದೆ ಎಂದುಕೊಂಡಿದ್ದೆ.

"ಅಳಬ್ಯಾಡ ಆಯಿ," ಎಂದೆ. ಆಕೆ ಅಳುತ್ತಿರಲಿಲ್ಲ. "ಅದು ಬಿಳೇರ ಬಿಲ್ಲಾ. ಹೋದ್ರ ಹೋಗ್ಲಿ."

ಈ ಮಾತನ್ನು ಸೋದರತ್ತೆ ಆಡಿದಳು ಎಂದು ನಂಬಲು ಹಲವು ವರ್ಷ ಪ್ರಯತ್ನಿಸಿದ್ದೇನೆ. ಆಡಿದವಳು ನಾನೇ.

ಆಯಿ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ.

"ಹೌದ ತಂಗಿ. ಬಿಲ್ಲಾ ಅವರದ," ಎಂದಳು. "ಮಗ ನನ್ನವ ಇದ್ದ."

ಮೂಲೆಯನ್ನು ಕೆಳಗಿಟ್ಟು, ಸುಕ್ಕು ಸರಿಮಾಡಿ, ಎದ್ದಳು. ಸೋದರತ್ತೆ ರೊಟ್ಟಿ ಕಟ್ಟಿಕೊಡಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದೆ. ಒಲೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತಿದ್ದಳು. ಒಲೆ ಆರಿತ್ತು.

ಆಯಿಯನ್ನು ಕೊನೆಗೆ ನೋಡಿದ್ದು ಸ್ವಾತಂತ್ರ್ಯ ಬಂದ ವರ್ಷ. ಶಾಲೆಯಲ್ಲಿ ಎಲ್ಲರಿಗೂ ಪೇಢೆ ಮತ್ತು 'ಜೈ ಹಿಂದ್' ಎಂದು ಬರೆದ ಬಿಲ್ಲೆ ಹಂಚಿದ್ದರು. ನಾನು ಗೆಳತಿಯೊಬ್ಬಳಿಗೆ ನನ್ನ ಪೇಢೆ ಕೊಟ್ಟು ಅವಳ ಬಿಲ್ಲೆಯನ್ನೂ ಪಡೆದಿದ್ದೆ. ಅಪ್ಪ ಯಾವುದೋ ಮದುವೆಯ ಜವಳಿ ಮುಟ್ಟಿಸಲು ತಿಕೋಟಾಕ್ಕೆ ಹೊರಟಾಗ ಹಟ ಮಾಡಿ ಜೊತೆಗೆ ಹೋದೆ. ಆಯಿ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಯಾರದೋ ಕೌದಿ. ಬಿಲ್ಲೆ ಕೊಟ್ಟೆ. ಕೈ ಚಾಚಿ ದೂರ ಹಿಡಿದು ನೋಡಿ, ಮತ್ತೆ ನನ್ನ ಕೈಗೇ ಕೊಟ್ಟಳು.

"ಏನಂತೈತಿ ಇದು?"

"ಜೈ ಹಿಂದ್. ನಮ್ಮ ದೇಶಕ್ಕ ಗೆಲುವಾಗ್ಲಿ ಅಂತ."

"ಈ ಗೆಲುವು ಯಾರದು?"

"ನಮ್ಮದು ಆಯಿ. ನಂದು, ನಿಂದು, ಎಲ್ಲಾರದು."

"ಚಲೋ ಆತು. ಹಂಗಾರ ಎಲ್ಲಾರ ಕೂಡ ಇರಲಿ," ಎಂದು ತಂಬಾಕಿನ ಡಬ್ಬಿ ತೆರೆದು, ದೊರೆಯ ಮುಖ, ಚರಕ, ಕುಡಿತ ಬಿಡಿರಿ ಎಲ್ಲದರ ಮೇಲೆ ಅದನ್ನು ಇಟ್ಟು ಮುಚ್ಚಳ ಹಾಕಿದಳು. ಹೆಗಲಿಗೆ ಹಚ್ಚಿಕೊಳ್ಳುತ್ತಾಳೆ ಎಂದುಕೊಂಡು ಹೋಗಿದ್ದ ನನಗೆ ನಿರಾಸೆಯಾಯಿತು.

ಈಗ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಕಟ್ಟೆಯ ಮುಂದೆ. ಡಬ್ಬಿ ಕಾಣುತ್ತದೆ, ಸೂಜಿ ಕಾಣುತ್ತದೆ, ಕಟ್ಟೆಯ ಮೇಲೆ ಮಲಗಿದ್ದ ಮೇಕೆಮರಿಯೂ ಕಾಣುತ್ತದೆ. ಎಡ ಹೆಗಲು ಮಾತ್ರ ಕಾಣುವುದಿಲ್ಲ. ಅಲ್ಲಿ ಬಿಲ್ಲೆ ಇತ್ತೇ? ಇದ್ದದ್ದಕ್ಕೇ ಹೊಸದನ್ನು ಡಬ್ಬಿಗೆ ಹಾಕಿದಳೇ? ಒಂದು ದಿನ ಇತ್ತೆಂದು ತೋರುತ್ತದೆ, ಮರುದಿನ ಎರಡು ತೂತುಗಳಷ್ಟೇ... ಬೇಕೆಂದು ನೋಡಿದರೆ ಬೇಕಾದದ್ದನ್ನು ತೋರಿಸುವ ನೆನಪು ಅದು. ಅದನ್ನು ನಾನು ಸಾಕ್ಷಿ ಎನ್ನಲಾರೆ. ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಅವ್ವನ ಕಾಗದದ ಕೊನೆಯಲ್ಲಿ ಒಂದು ಸಾಲು ಇತ್ತು, ಕೌದಿ ಆಯಿ ಹೋದಳಂತೆ ಎಂದು. ಡಬ್ಬಿ ಏನಾಯಿತೆಂದು ಯಾರೂ ಬರೆಯಲಿಲ್ಲ.

ಸಾಕ್ಷಿ ಇರುವುದು ಕೌದಿಯಲ್ಲಿ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಉಳಿದೆಲ್ಲ ಕಡೆ ಆಯಿಯ ಹೊಲಿಗೆ ಅಕ್ಕಿಕಾಳಿನಂತೆ ಒಂದೇ ಅಳತೆ, ಬಿಳಿ ದಾರ. ಆ ಮೂಲೆಯಲ್ಲಿ ನಾನು ಕತ್ತರಿಸಿದ್ದು ಕರಿ ದಾರವನ್ನು. ಉದ್ದ ಗಿಡ್ಡ, ಸೊಟ್ಟ ಹೊಲಿಗೆ. ಸೋದರತ್ತೆಗೆ ಹೊಲಿಗೆ ಎಂದೂ ಬರಲಿಲ್ಲ. ಒಳಗಿನ ಬಟ್ಟೆಯ ಮೇಲೆ, ಕಾಕಾನ ಬಿಲ್ಲೆಗಳಿಗಿಂತ ದೊಡ್ಡದಾದ ಒಂದು ದುಂಡು ತುಕ್ಕಿನ ಕಲೆಯಿದೆ. ಎಂಟನೆಯದು ಅಲ್ಲಿ ಬಹಳ ದಿನ ಇತ್ತು, ಆಮೇಲೆ ಯಾರೋ ತೆಗೆದರು. ತೆಗೆದವರು ಹೆದರಿಕೊಂಡೇ ತೆಗೆದಿದ್ದರು. ಯಾಕೆಂದರೆ ಕಲೆಯ ಮೇಲೆ ಒಂದು ಚಿಂದಿಯಲ್ಲಿ ಹಿಡಿಯಷ್ಟು ಜೋಳ ಕಟ್ಟಿಟ್ಟಿತ್ತು. ನುಸಿ ತಿಂದು ಹೊಟ್ಟು ಉಳಿದಿತ್ತು. ಕೌದಿಯ ಹೊಟ್ಟೆಯನ್ನು ಮತ್ತೆ ತುಂಬಿಸಿಯೇ ಹೊ‌ಲಿದಿದ್ದರು.

ಆದರೆ ಎಂದು ಬಿಚ್ಚಿದ್ದು? ಆಯಿ ಬದುಕಿದ್ದಾಗಲೋ, ಹೋದ ಮೇಲೋ? ಕರಿ ದಾರ ಅದನ್ನು ಹೇಳುವುದಿಲ್ಲ.

ಹೋದ ಭಾನುವಾರ ಬಬಲೇಶ್ವರಕ್ಕೆ ಹೋಗಿದ್ದೆ. ಸೋದರತ್ತೆ ಮೊಮ್ಮಕ್ಕಳ ಗದ್ದಲದ ನಡುವೆ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹಳ್ಳು ಆರಿಸುತ್ತಿದ್ದಳು. ಕಿವಿ ಚೆನ್ನಾಗಿದೆ, ಬುದ್ಧಿಯೂ ಚೆನ್ನಾಗಿದೆ. ಆ ಬಡಕಲು ಕೂಸು ತಲೆ ಬೆಳ್ಳಗೆ ಮಾಡಿಕೊಂಡು ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿತ್ತು. ನಾನು ಮೂಲೆಯ ಕರಿ ದಾರದ ತುಂಡನ್ನು ಅವಳ ಮೊರದ ಅಂಚಿನಲ್ಲಿಟ್ಟು ಕೇಳಿದೆ. ಅವಳ ಬೆರಳು ನಿಂತಿತು. ದಾರವನ್ನು ನೋಡಿದಳು. ಆಮೇಲೆ ಅದನ್ನೂ ಹಳ್ಳಿನ ಜೊತೆ ಪಕ್ಕಕ್ಕಿಟ್ಟು, "ಉಂಡಿ ಇಲ್ಲ ನೀ? ಬಿಸಿ ರೊಟ್ಟಿ ಮಾಡಸ್ತೀನಿ ತಡಿ," ಎಂದಳು.

ಉಂಡೆ. ಹೊರಡುವಾಗ ಅವಳ ಪಕ್ಕದಲ್ಲಿ ಕೂತು, ಮಕ್ಕಳಿಗೆ ಕೇಳದಂತೆ, ಇನ್ನೊಮ್ಮೆ ಕೇಳಿದೆ. ಅವಳು ನನ್ನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಬಸ್ಸು ಬರುವವರೆಗೂ ಹೆಬ್ಬೆರಳಿನಿಂದ ಅದನ್ನು ಸವರುತ್ತ ಕೂತಳು. ಎರಡು ಸಲವೂ ನಾನು ಕೇಳಿದ್ದು ಇಷ್ಟೇ:

"ಅತ್ತೀ, ಅಕಿ ಇರೂದ್ರಾಗ ಅದು ಅಕಿಗಿ ಮುಟ್ಟಿತೇನ?"